ಒಂದು ಚಿಟಿಕೆ ಸುಣ್ಣ ಮಾಡುವ ಕೆಲಸ

ವಿಜಯಪುರದ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಚಂಚಿ ಬಿಚ್ಚಿ, ಎಡ ಅಂಗೈಗೆ ತಂಬಾಕು ಸುರಿದುಕೊಂಡು, ಡಬ್ಬಿಯಿಂದ ಉಗುರಿನ ತುದಿಯಷ್ಟು ಸುಣ್ಣ ತೆಗೆದು ಹೆಬ್ಬೆರಳಿನಿಂದ ತಿಕ್ಕತೊಡಗಿದರು. ಸುಣ್ಣ ಏಕೆ ಎಂದು ಕೇಳಿದೆ. ‘ಅದಿಲ್ಲಂದ್ರ ತಲಿಗೆ ಏರೂದಿಲ್ರಿ’ ಎಂದವರೇ ಎರಡು ಸಲ ತಟ್ಟಿ ದೂಳು ಹಾರಿಸಿ, ಕೆಳದುಟಿಯ ಒಳಗೆ ಇಟ್ಟುಕೊಂಡರು. ರಸಾಯನಶಾಸ್ತ್ರದ ಪ್ರಕಾರ ಈ ಉತ್ತರದಲ್ಲಿ ತಪ್ಪೇನೂ ಇಲ್ಲ. ತಪ್ಪಿದ್ದದ್ದು ಅದರ ಮುಂದಿನ ಮಾತಿನಲ್ಲಿ: ಗಾಂಜಾ, ಅಫೀಮು ಮಾತ್ರ ನಶೆಯಂತೆ, ಇದು ಬರೀ ರೂಢಿಯಂತೆ.

ತಂಬಾಕಿನ ಗಿಡ ನಶೆ ಏರಿಸುವ ನಿಕೋಟಿನ್ ತಯಾರಿಸುವುದು ತನ್ನ ಎಲೆ ತಿನ್ನಲು ಬರುವ ಹುಳುಗಳನ್ನು ಓಡಿಸಲು, ನಮಗಾಗಿ ಅಲ್ಲ. ಎಲೆಯೊಳಗಿನ ಆಮ್ಲದಿಂದ ಒಂದು ಪ್ರೋಟಾನನ್ನು ಪಡೆದು ವಿದ್ಯುದಾವೇಶ ಹೊತ್ತಿರುವ ಈ ಅಣುವಿಗೆ ಬಾಯಿಯ ಜೀವಕೋಶಗಳ ಜಿಡ್ಡಿನ ಪೊರೆಯನ್ನು ದಾಟುವುದು ಕಷ್ಟ. ಕಣಿಕೆಯ ಹೊರೆ ಹೊತ್ತವನು ಗಿಡ್ಡ ಬಾಗಿಲಿನಲ್ಲಿ ಸಿಕ್ಕಿಕೊಂಡಂತೆ ಅದರ ಪಾಡು. ಸುಣ್ಣವು ಬಾಗಿಲಲ್ಲೇ ನಿಂತು ಆ ಹೊರೆಯನ್ನು ಇಳಿಸಿಕೊಳ್ಳುತ್ತದೆ. ಇಲ್ಲವೇ ಎಣ್ಣೆ ಸವರಿದ ತವೆಯನ್ನು ನೆನೆಯಿರಿ: ಆವೇಶ ಹೊತ್ತ ನಿಕೋಟಿನ್ ಅದರ ಮೇಲೆ ಜಾರುವ ನೀರಿನ ಹನಿ, ಹೊರೆ ಇಳಿಸಿದ ನಿಕೋಟಿನ್ ಎಣ್ಣೆಯಲ್ಲಿ ಬೆರೆಯುವ ಎಣ್ಣೆ. ಪಿಎಚ್ (ಹುಳಿ-ಕ್ಷಾರಗಳ ಅಳತೆ; ಕಡಿಮೆಯಿದ್ದಷ್ಟೂ ಹುಳಿ) 5.5 ಇದ್ದಾಗ ನೂರರಲ್ಲಿ ಒಂದು ಅಣುವೂ ಹೊರೆ ಇಳಿಸಿರುವುದಿಲ್ಲ. ಸುಣ್ಣ ಬೆರೆತು ಪಿಎಚ್ 9ಕ್ಕೆ ಏರಿದರೆ ನೂರರಲ್ಲಿ ಸುಮಾರು ತೊಂಬತ್ತು ಅಣುಗಳು ಹೊರೆ ಇಳಿಸಿರುತ್ತವೆ. ಅಂಗೈಯಲ್ಲಿ ನಡೆಯುವುದು ಔಷಧ ಕಾರ್ಖಾನೆಯ ಕೆಲಸವೇ.

ಈ ಊರಿಗೂ ತಂಬಾಕಿಗೂ ಹಳೆಯ ನಂಟಿದೆ. ಅಕ್ಬರನ ಕಡೆಯಿಂದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗ್ ತಂಬಾಕನ್ನು ಮೊದಲು ಕಂಡದ್ದು 17ನೆಯ ಶತಮಾನದ ಆರಂಭದ ವಿಜಾಪುರದಲ್ಲಿ. ರತ್ನ ಕೂರಿಸಿದ ಸೇದುಕೊಳವೆಯೊಂದಿಗೆ ಅದನ್ನು ಆಗ್ರಾಕ್ಕೆ ಒಯ್ದಾಗ ಹಕೀಮ ಅಡ್ಡಬಂದ. ಅಕ್ಬರ್ ರುಚಿ ನೋಡಿದನಾದರೂ ರೂಢಿ ಮಾಡಿಕೊಳ್ಳಲಿಲ್ಲ, ಆದರೆ ಅಮೀರರು ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ನಿಷೇಧಿಸಿದ, ಅದರಿಂದ ಆದದ್ದೇನೂ ಇಲ್ಲ. (2013ರಲ್ಲಿ ನಮ್ಮ ರಾಜ್ಯವು ಗುಟ್ಕಾ ನಿಷೇಧಿಸಿದ ಬಳಿಕ ಪಾನ್ ಮಸಾಲೆಯದೊಂದು, ತಂಬಾಕಿನದೊಂದು ಎಂದು ಚೀಟಿಗಳು ಜೋಡಿಯಾಗಿ ತೂಗಾಡತೊಡಗಿದ್ದನ್ನು ಯಾವ ಪಾನ್ ಅಂಗಡಿಯಲ್ಲಾದರೂ ನೋಡಬಹುದು.)

ರಕ್ತ ಸೇರಿದ ನಿಕೋಟಿನ್ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ರಾಸಾಯನಿಕಕ್ಕೆಂದು ಇರುವ ಗ್ರಾಹಕಗಳ (ಸಂದೇಶ ಹಿಡಿಯುವ ಅಣುಗಳ) ಮೇಲೆ ಕುಳಿತು, ಹಿತವೆನಿಸುವಂತೆ ಮಾಡುವ ಡೋಪಮಿನ್ ಬಿಡಿಸುತ್ತದೆ. ದಿನವೂ ಹೀಗಾದರೆ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ತಾಸಿಗೊಮ್ಮೆ ಅರ್ಧಕ್ಕೆ ಇಳಿಯುವುದರಿಂದ, ರಾತ್ರಿ ಕಳೆಯುವಷ್ಟರಲ್ಲಿ ಅವೆಲ್ಲ ಹಸಿದು ಕುಳಿತಿರುತ್ತವೆ. ತಂಬಾಕು ಹಾಕದೆ ಹೊಟ್ಟೆ ಸ್ವಚ್ಛವಾಗುವುದಿಲ್ಲ, ಕೆಲಸಕ್ಕೆ ಕೈ ಏಳುವುದಿಲ್ಲ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಸಾಲಕ್ಕೆ ತಳ್ಳಿದವನೇ ಬಡ್ಡಿ ಕಟ್ಟಲು ಮತ್ತೆ ಸಾಲ ಕೊಟ್ಟಾಗ ಅವನನ್ನು ಆಪದ್ಬಾಂಧವ ಎಂದುಕೊಂಡಿದ್ದಾರೆ, ಅಷ್ಟೇ. ಈ ನಡುವೆ ಎಲೆಯನ್ನು ಹದಗೊಳಿಸುವಾಗ ಹುಟ್ಟಿದ ನೈಟ್ರೊಸಮಿನ್ ಎಂಬ ರಾಸಾಯನಿಕಗಳು ತುಟಿಯೊಳಗಿನ ಅದೇ ಜಾಗದಲ್ಲಿ ಕ್ಯಾನ್ಸರ್‌ಗೆ ದಾರಿ ಮಾಡುತ್ತಿರುತ್ತವೆ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ. 21.4ರಷ್ಟು ಮಂದಿ ಹೊಗೆರಹಿತ ತಂಬಾಕು ಬಳಸುತ್ತಾರೆ.

ಚಟ ಬಿಡುವುದಕ್ಕೆ ಗಟ್ಟಿ ಮನಸ್ಸೊಂದೇ ಸಾಕೆಂಬ ಉಪದೇಶ ನನಗೆ ಹಿಡಿಸದು. ಬಿಟ್ಟ ಮೊದಲ ವಾರದ ಸಿಡಿಮಿಡಿಗೆ ಔಷಧಿ ಅಂಗಡಿಯಲ್ಲಿ ನಿಕೋಟಿನ್ ಚೂಯಿಂಗ್ ಗಮ್ ಸಿಗುತ್ತದೆ. ಅದರಲ್ಲಿರುವುದೂ ಹಿರಿಯರ ಡಬ್ಬಿಯ ಉಪಾಯವೇ: ಸುಣ್ಣದ ಬದಲು ಸೌಮ್ಯವಾದ ಕ್ಷಾರ. ನಿಂಬೆ ಶರಬತ್ತು ಕುಡಿದ ಕೂಡಲೇ ಅಗಿದರೆ ಹುಳಿ ಬಾಯಿಯಲ್ಲಿ ನಿಕೋಟಿನ್ ಮತ್ತೆ ತನ್ನ ಹೊರೆ ಹೊತ್ತುಕೊಂಡು, ಉಗುಳಿನೊಂದಿಗೆ ಹೊಟ್ಟೆಗೆ ಇಳಿದುಹೋಗುತ್ತದೆ. ಏನಾದರೂ ಕುಡಿದ ಮೇಲೆ 15 ನಿಮಿಷ ಬಿಟ್ಟು ಅಗಿಯಿರಿ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ.