ಸೆಕ್ಯುರಿಟಿ ಟ್ರೈನರ್ ಸರ್ಟಿಫಿಕೇಶನ್‌ಗೆ ಓದ್ತಾ ಬರ್ಕೊಂಡ ನೋಟ್ಸ್

ಟ್ರೈನರ್ ಆಗ್ಬೇಕು ಅಂತ ಓದ್ತಿರೋ ಗಾರ್ಡ್, ಸೂಪರ್‌ವೈಸರ್, ಐಟಿ ಸೆಕ್ಯುರಿಟಿಯವ್ರು ಎಲ್ರಿಗೂ ಇದು ಉಪಯೋಗಕ್ಕೆ ಬರ್ಬಹುದು. ಇಷ್ಟು ವರ್ಷ ಡ್ಯೂಟಿ ಮಾಡಿದೀನಿ, ನಂಗೆ ಬರದೇ ಇರೋದು ಏನಿದೆ ಅನ್ನೋ ಧಿಮಾಕಲ್ಲೇ ನಾನೂ ಶುರು ಮಾಡಿದ್ದು, ಆಮೇಲೆ ಸಿಲಬಸ್ ತೆಗೆದು ನೋಡಿದ್ರೆ ಅರ್ಧಕ್ಕರ್ಧ ಸೆಕ್ಯುರಿಟಿ ವಿಷಯವೇ ಇಲ್ಲ, ಕಲಿಸೋದು ಹೇಗೆ, ಕಲಿತ್ರೋ ಇಲ್ವೋ ಅಂತ ನೋಡೋದು ಹೇಗೆ, ಬರೀ ಇದೇ. ಕೆಲಸ ಬರೋರಿಗೆಲ್ಲ ಕಲಿಸೋಕೂ ಬರತ್ತೆ ಅಂತೇನಿಲ್ಲ, ಇಷ್ಟು ಒಪ್ಕೊಂಡ್ರೆ ಮುಂದಿನದು ಬೇಗ ತಲೆಗೆ ಹತ್ತತ್ತೆ.

ಸರ್ಟಿಫಿಕೇಟ್ ಬೇರೆ, ಸರ್ಟಿಫಿಕೇಶನ್ ಬೇರೆ

ಎರಡು ದಿನ ಕೂತು ಎದ್ದು ಬಂದ್ರೆ ಕೈಗೆ ಕೊಡೋದು ಸರ್ಟಿಫಿಕೇಟ್, ಅದು ಹಾಜರಿ ಚೀಟಿ ಅಷ್ಟೇ. ಸರ್ಟಿಫಿಕೇಶನ್ ಅಂದ್ರೆ ಈ ವ್ಯಕ್ತಿಗೆ ಈ ಕೆಲಸ ಮಾಡೋ ಸಾಮರ್ಥ್ಯ ಇದೆ ಅಂತ ಪರೀಕ್ಷೆ ಮಾಡಿ ಹೇಳೋದು, ಅದಕ್ಕೆ ಅವಧಿ ಇರತ್ತೆ, ರಿನ್ಯೂ ಮಾಡಿಸ್ಬೇಕು, ತಪ್ಪು ಮಾಡಿದ್ರೆ ವಾಪಸ್ ತಗೋಬಹುದು. ವ್ಯಕ್ತಿಗಳಿಗೆ ಸರ್ಟಿಫಿಕೇಶನ್ ಕೊಡೋ ಸಂಸ್ಥೆಗಳು ಹೇಗಿರ್ಬೇಕು ಅನ್ನೋದಕ್ಕೆ ಐಎಸ್ಒ/ಐಇಸಿ 17024 ಅನ್ನೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, 2003ರಲ್ಲಿ ಬಂತು, 2012ರಲ್ಲಿ ತಿದ್ದಿದ್ರು. ಅದರಲ್ಲಿ ನಿಷ್ಪಕ್ಷಪಾತದ ಮೇಲೆ ತುಂಬಾ ಒತ್ತು. ಟ್ರೈನಿಂಗೂ ನಾವೇ ಸರ್ಟಿಫಿಕೇಶನ್ನೂ ನಾವೇ ಅಂದ್ರೆ ಅಲ್ಲೇ ಅಪಾಯ ಇದೆ ಅಂತ ಅದು ನೋಡತ್ತೆ, ನಮ್ಮ ಹತ್ರ ಕೋರ್ಸ್ ಮಾಡಿದ್ರೆ ಪಾಸ್ ಆಗೋದು ಸುಲಭ ಅಂತ ಸಂಸ್ಥೆ ಹೇಳ್ಕೊಳ್ಳೋ ಹಾಗೇ ಇಲ್ಲ. ಫೀಸ್ ಕಟ್ಟೋಕೆ ಮುಂಚೆ ಬ್ರೋಷರ್‌ನ ಈ ಕಣ್ಣಲ್ಲಿ ಒಂದ್ಸಲ ಓದಿ, ಗ್ಯಾರಂಟಿ ಪಾಸ್ ಅಂತ ಬರ್ದಿದ್ರೆ ಅಲ್ಲಿಂದ ಎದ್ದು ಬನ್ನಿ.

ಎರಡು ಕಾಲು

ಟ್ರೈನರ್ ಅರ್ಹತೆ ಯಾವಾಗ್ಲೂ ಎರಡು ಕಾಲಿನ ಮೇಲೆ ನಿಲ್ಲತ್ತೆ, ಒಂದು ವಿಷಯ ಜ್ಞಾನ, ಇನ್ನೊಂದು ಬೋಧನೆ. ಬ್ರಿಟನ್‌ನಲ್ಲಿ ಸೆಕ್ಯುರಿಟಿ ಇಂಡಸ್ಟ್ರಿ ಅಥಾರಿಟಿ ಲೈಸೆನ್ಸ್‌ಗೆ ಬೇಕಾಗೋ ಕೋರ್ಸ್ ಕಲಿಸೋರಿಗೆ ಕ್ಷೇತ್ರದ ಅನುಭವದ ಜೊತೆ ಪಾಠ ಮಾಡೋ ಅರ್ಹತೆನೂ ಬೇಕು. ಐಎಫ್‌ಪಿಒ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಪ್ರೊಟೆಕ್ಷನ್ ಆಫೀಸರ್‌ಗೆ, ಅಂದ್ರೆ ಗಾರ್ಡ್ ಥರದವ್ರಿಗೆ ಒಂದು, ಅವ್ರಿಗೆ ಕಲಿಸೋ ಇನ್‌ಸ್ಟ್ರಕ್ಟರ್‌ಗೆ ಬೇರೆ ಒಂದು ಸರ್ಟಿಫಿಕೇಶನ್. ಎಎಸ್ಐಎಸ್ ಅನ್ನೋ ಸೆಕ್ಯುರಿಟಿ ವೃತ್ತಿಪರರ ಸಂಸ್ಥೆ ಕೊಡೋ ಸಿಪಿಪಿ (ಸೆಕ್ಯುರಿಟಿ ಮ್ಯಾನೇಜ್‌ಮೆಂಟ್‌ಗೆ), ಐಟಿ ಕಡೆಯ ಸಿಐಎಸ್‌ಎಸ್‌ಪಿ (ಮಾಹಿತಿ ಸುರಕ್ಷತೆಗೆ) ಈ ಸರ್ಟಿಫಿಕೇಶನ್ ಎಲ್ಲ ದೊಡ್ಡ ಹೆಸರೇ, ಆದ್ರೆ ಅವು ಮೊದಲನೇ ಕಾಲು ಮಾತ್ರ, ಸಿಐಎಸ್‌ಎಸ್‌ಪಿ ಆದವ್ರೆಲ್ಲ ಟ್ರೈನರ್ ಅಲ್ಲ. ಇಲ್ಲೇ ತುಂಬಾ ಜನ ಗೊಂದಲ ಮಾಡ್ಕೋತಾರೆ.

ಮಾರ್ಕ್ಸ್ ಬಗ್ಗೆನೂ ಒಂದು ಗೊಂದಲ ಇದೆ, ಅದನ್ನೂ ಹೇಳ್ಬಿಡ್ತೀನಿ. ಸಿಪಿಪಿಲಿ 200ರಿಂದ 800ರ ಸ್ಕೇಲ್‌ನಲ್ಲಿ 650 ಬಂದ್ರೆ ಪಾಸ್, ಸಿಐಎಸ್‌ಎಸ್‌ಪಿಲಿ 1000ಕ್ಕೆ 700. ಅಂದ್ರೆ ನೂರಕ್ಕೆ ಎಪ್ಪತ್ತು ಪ್ರಶ್ನೆ ಸರಿ ಮಾಡ್ಬೇಕು ಅಂತಲ್ಲ, ಇದು ಸ್ಕೇಲ್ಡ್ ಸ್ಕೋರ್. ಒಂದು ಪೇಪರ್ ಸ್ವಲ್ಪ ಕಷ್ಟ ಇನ್ನೊಂದು ಸುಲಭ ಇರತ್ತೆ, ಇಬ್ರಿಗೂ ಅನ್ಯಾಯ ಆಗ್ಬಾರ್ದು ಅಂತ ಒಂದೇ ಅಳತೆಗೆ ತರ್ತಾರೆ. ಕಟ್ ಆಫ್ ಇಡೋಕೆ ಜಾಸ್ತಿ ಬಳಸೋ ವಿಧಾನ ಆಂಗಾಫ್: ಅನುಭವಿಗಳನ್ನ ಕೂರ್ಸಿ, ಕೆಲಸಕ್ಕೆ ಸಾಕು ಅನ್ನೋಷ್ಟು ಮಾತ್ರ ಗೊತ್ತಿರೋ 100 ಜನಕ್ಕೆ ಈ ಪ್ರಶ್ನೆ ಕೊಟ್ರೆ ಎಷ್ಟು ಜನ ಸರಿ ಮಾಡ್ತಾರೆ ಅಂತ ಒಂದೊಂದೇ ಪ್ರಶ್ನೆಗೆ ಅಂದಾಜು ಕೇಳ್ತಾರೆ, ಅದೆಲ್ಲದರ ಸರಾಸರಿಯಿಂದ ಕಟ್ ಆಫ್ ಹುಟ್ಟತ್ತೆ. ನಾಳೆ ನಾವೇ ಟೆಸ್ಟ್ ಮಾಡುವಾಗ್ಲೂ ಕಣ್ಮುಚ್ಚಿ 50 ಅಂತ ಇಡೋಕ್ಕಿಂತ ಈ ಥರ ಯೋಚನೆ ಮಾಡೋದು ವಾಸಿ.

ಆಬ್ಜೆಕ್ಟಿವ್ ಬರೆಯೋದು, ಎಲ್ರೂ ಜಾರೋದು ಇಲ್ಲೇ

ಆಬ್ಜೆಕ್ಟಿವ್ ಅಂದ್ರೆ ಪಾಠ ಮುಗಿದ ಮೇಲೆ ಟ್ರೈನಿಗೆ ಏನು ಮಾಡೋಕೆ ಬರ್ಬೇಕು ಅನ್ನೋ ಗುರಿ. ಕಲಿಕೆಯನ್ನ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸೋ ಬ್ಲೂಮ್ ಟ್ಯಾಕ್ಸಾನಮಿ ಅಂತ ಕೇಳೇ ಇರ್ತೀರ, 1956ರದ್ದು, 2001ರಲ್ಲಿ ಪರಿಷ್ಕರಣೆ ಆಗಿ ಈಗ ನೆನಪಿಡೋದು, ಅರ್ಥ ಮಾಡ್ಕೊಳ್ಳೋದು, ಬಳಸೋದು, ಬಿಡಿಸಿ ನೋಡೋದು, ತೂಗಿ ನೋಡೋದು, ಹೊಸದು ಕಟ್ಟೋದು ಅಂತ ಆರು ಮೆಟ್ಟಿಲು. ಬಾಯಿಪಾಠ ಮಾಡಿ ಬಿಟ್ರೆ ಉಪಯೋಗ ಇಲ್ಲ, ಇದರ ಕೆಲಸ ಕ್ರಿಯಾಪದ ಆರಿಸೋದ್ರಲ್ಲಿ. "ಟ್ರೈನಿ ಬೆಂಕಿ ಆರಿಸೋ ಸಿಲಿಂಡರ್ ಬಗ್ಗೆ ತಿಳ್ಕೋತಾರೆ" ಅಂತ ಬರೆದ್ರೆ ಸೊನ್ನೆ, ಯಾಕಂದ್ರೆ ತಿಳ್ಕೊಂಡಿದಾರಾ ಇಲ್ವಾ ಅಂತ ಕಣ್ಣಿಗೆ ಕಾಣಲ್ವಲ್ಲ. ಒಳ್ಳೆ ಆಬ್ಜೆಕ್ಟಿವ್‌ನಲ್ಲಿ ಮೂರು ತುಂಡು ಇರತ್ತೆ, ಏನು ಮಾಡ್ತಾರೆ, ಯಾವ ಪರಿಸ್ಥಿತಿಲಿ, ಎಷ್ಟು ಚೆನ್ನಾಗಿ. ಹಾಗಾಗಿ ಅದು ಹೀಗಾಗತ್ತೆ: "ಟ್ರೇಯಲ್ಲಿ ಹೊತ್ತಿಸಿದ ಸಣ್ಣ ಬೆಂಕಿ ಎದುರು, ಯಾರೂ ಹೇಳ್ಕೊಡದೆ, ಟ್ರೈನಿ ಸರಿಯಾದ ಸಿಲಿಂಡರ್ ಆಯ್ದು, ವಾಪಸ್ ಓಡೋ ದಾರಿ ಬೆನ್ನ ಹಿಂದೆ ಇಟ್ಕೊಂಡು, ಪಿನ್ ಎಳೆಯೋದು, ಗುರಿ ಇಡೋದು, ಹಿಡಿ ಒತ್ತೋದು, ಬೀಸೋದು ಈ ನಾಲ್ಕೂ ಹೆಜ್ಜೆ ಕ್ರಮ ತಪ್ಪದೆ ಮಾಡಿ ಬೆಂಕಿ ಆರಿಸ್ತಾರೆ." ಇದನ್ನ ಓದಿದ ತಕ್ಷಣ ಪರೀಕ್ಷೆ ಹೇಗಿರತ್ತೆ ಅಂತ ಗೊತ್ತಾಗತ್ತೆ, ಪಾಠ ಹೇಗಿರ್ಬೇಕು ಅಂತ್ಲೂ ಗೊತ್ತಾಗತ್ತೆ. ನನ್ನ ಪ್ರಕಾರ ಸಿಲಬಸ್‌ನಲ್ಲಿ ಇದೊಂದು ಪಕ್ಕಾ ಬಂದ್ರೆ ಮಿಕ್ಕಿದ್ದು ಹಿಂದೇನೇ ಬರತ್ತೆ.

ನನ್ನ ಮೈಕ್ರೋ ಟೀಚಿಂಗ್ ಮಣ್ಣು ಮುಕ್ಕಿದ ಕಥೆ

ಪ್ರಾಕ್ಟಿಕಲ್‌ನಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಪಾಠ ಮಾಡಿ ತೋರಿಸ್ಬೇಕು. ನಂಗೆ ಕೊಟ್ಟಿದ್ದು 15 ನಿಮಿಷ, ವಿಷಯ ಇದೇ ಸಿಲಿಂಡರ್. ನಾನು ಬೆಂಕಿ ಎಷ್ಟು ವಿಧ, ಪೌಡರ್ ಯಾವುದಕ್ಕೆ, ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಯಾವುದಕ್ಕೆ, ಎಣ್ಣೆ ಬೆಂಕಿಗೆ ನೀರು ಯಾಕೆ ಹಾಕ್ಬಾರ್ದು ಅಂತ ಗೊತ್ತಿರೋದನ್ನೆಲ್ಲ ಸುರಿದು ಸುರಿದು 12 ನಿಮಿಷ ಮುಗಿಸ್ದೆ, ಎದುರಿಗೆ ಕೂತವ್ರು ಒಬ್ರೂ ಸಿಲಿಂಡರ್ ಮುಟ್ಟಿರ್ಲಿಲ್ಲ. ಉಳಿದ ಮೂರು ನಿಮಿಷದಲ್ಲಿ ಒಬ್ರನ್ನ ಎಬ್ಬಿಸಿ ಮಾಡಿ ಅಂದೆ, ನನ್ನ ಚೆಕ್‌ಲಿಸ್ಟ್‌ನಲ್ಲಿ ಮೊದಲನೇ ಸಾಲೇ "ಗೇಜ್ ಮುಳ್ಳು ಹಸಿರಲ್ಲಿದ್ಯಾ ನೋಡಿ" ಅಂತ, ಅವ್ರು ಸಿಲಿಂಡರ್‌ನ ಆ ಕಡೆ ಈ ಕಡೆ ತಿರುಗಿಸಿ "ಸರ್, ಇದರಲ್ಲಿ ಗೇಜೇ ಇಲ್ವಲ್ಲ" ಅಂದ್ರು. ಅಲ್ಲಿ ಇಟ್ಟಿದ್ದು ಸಿಒಟು ಸಿಲಿಂಡರ್. ಅದಕ್ಕೆ ಪ್ರೆಷರ್ ಗೇಜ್ ಇರಲ್ಲ, ತೂಕ ಹಾಕಿ ನೋಡೋದು. ನಂಗೆ ಗೊತ್ತಿಲ್ದೇ ಇರೋ ವಿಷಯ ಏನಲ್ಲ, ಆದ್ರೆ ಪಾಠಕ್ಕೆ ಮುಂಚೆ ಸಾಮಾನು ಕೈಯಲ್ಲಿ ಹಿಡಿದು ನೋಡಿರ್ಲಿಲ್ಲ, ಪರೀಕ್ಷಕರು ಏನೂ ಮಾತಾಡದೆ ಏನೋ ಬರ್ಕೊಂಡ್ರು, ಆ ಪೆನ್ನಿನ ಸದ್ದು ಇನ್ನೂ ಕಿವಿಲಿದೆ.

ಎರಡನೇ ಸಲ ನಾಲ್ಕು ಹಂತದ ವಿಧಾನ ಹಿಡ್ಕೊಂಡೆ. ಮೊದ್ಲು ನಾನು ಏನೂ ಮಾತಾಡದೆ ನಿಜವಾದ ವೇಗದಲ್ಲಿ ಮಾಡಿ ತೋರಿಸೋದು. ಆಮೇಲೆ ನಿಧಾನವಾಗಿ, ಪಿನ್ ಎಳೀತೀನಿ, ಬೆಂಕಿಯ ಬುಡಕ್ಕೆ ಗುರಿ ಇಡ್ತೀನಿ, ಹಿಡಿ ಒತ್ತುತೀನಿ, ಆ ಕಡೆಯಿಂದ ಈ ಕಡೆ ಬೀಸ್ತೀನಿ ಅಂತ ಕಾರಣ ಹೇಳ್ತಾ ಮಾಡೋದು, ಸಿಒಟು ಆದ್ರೆ ಗ್ಯಾಸ್ ಹೊರಗೆ ಬರೋ ಹಾರ್ನ್ ಬರಿಗೈಲಿ ಹಿಡೀಬೇಡಿ ಥಣ್ಣಗೆ ಸುಟ್ಟ ಹಾಗೆ ಆಗತ್ತೆ ಅನ್ನೋದನ್ನ ಅದೇ ಜಾಗದಲ್ಲಿ ಹೇಳೋದು. ಮೂರನೇದು ಟ್ರೈನಿ ಬಾಯಲ್ಲಿ ಹೇಳ್ತಾರೆ ನಾನು ಅವ್ರು ಹೇಳಿದಂಗೆ ಮಾಡ್ತೀನಿ, ಇದು ಪೆದ್ದು ಅನ್ಸತ್ತೆ ಆದ್ರೆ ಯಾರಿಗೆ ಎಲ್ಲಿ ಅರ್ಥ ಆಗಿಲ್ಲ ಅನ್ನೋದು ಸಿಕ್ಕಿಬೀಳೋದೇ ಈ ಹಂತದಲ್ಲಿ. ಕೊನೆಗೆ ಅವ್ರೇ ಹೇಳ್ತಾ ಅವ್ರೇ ಮಾಡೋದು. ಬೆಂಕಿಯ ವಿಧಗಳ ಭಾಷಣ ಪೂರ್ತಿ ಕತ್ತರಿಸಿ ಹ್ಯಾಂಡ್‌ಔಟ್‌ಗೆ ಹಾಕ್ದೆ, ಹೊಟ್ಟೆ ಉರೀತು ಆದ್ರೂ ಹಾಕ್ದೆ.

ಅಸೆಸ್‌ಮೆಂಟ್

ವ್ಯಾಲಿಡಿಟಿ (ಅಳೀಬೇಕಾದ್ದನ್ನೇ ಅಳೀತಿದೀವಾ), ರಿಲಯಬಿಲಿಟಿ (ಯಾರು ಅಳೆದ್ರೂ ಒಂದೇ ಫಲಿತಾಂಶ ಬರತ್ತಾ) ಎರಡು ಪದ ಎಲ್ಲಾ ಕಡೆ ಕೇಳ್ತಾರೆ. ಬ್ಯಾಗ್ ಚೆಕಿಂಗ್ ಬರತ್ತಾ ಅಂತ ನೋಡೋಕೆ ಪ್ರಬಂಧ ಬರೆಸಿದ್ರೆ ವ್ಯಾಲಿಡಿಟಿ ಇಲ್ಲ, ಅಲ್ಲಿ ಅಳೀತಿರೋದು ಕೈಬರಹನ. ಒಬ್ಬನೇ ಟ್ರೈನಿನ ನಾನು ಪಾಸ್ ಮಾಡಿ ನೀವು ಫೇಲ್ ಮಾಡಿದ್ರೆ ರಿಲಯಬಿಲಿಟಿ ಇಲ್ಲ. ಚೆಕ್‌ಲಿಸ್ಟ್ ಇರೋದು ಇದಕ್ಕೇ, ಅದರಲ್ಲೂ ಕೆಲವು ಕ್ರಿಟಿಕಲ್ ಸ್ಟೆಪ್ ಅಂತ ಗುರುತು ಹಾಕ್ಬೇಕು, ಬ್ಯಾಗ್ ಒಳಗೆ ಕಾಣದೇ ಇರೋ ಕಡೆ ಬರಿಗೈ ತೂರಿಸಿದ್ರೆ ಬೇರೆ ಎಲ್ಲಾ ಹತ್ತಕ್ಕೆ ಹತ್ತು ಇದ್ರೂ ಫೇಲ್, ಯಾಕಂದ್ರೆ ಅಲ್ಲಿ ಬ್ಲೇಡೋ ಸೂಜಿಯೋ ಇದ್ರೆ ಮಾರ್ಕ್ಸ್ ಬಂದು ಕಾಪಾಡಲ್ಲ. ಕ್ಲಾಸಲ್ಲಿ ಬೇರೆಯವ್ರಿಗಿಂತ ಮುಂದಿದಾನೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಮಾನದಂಡ ಮುಟ್ಟಿದ್ನಾ ಇಲ್ವಾ ಅಷ್ಟೇ.

ಟ್ರೈನಿಂಗ್‌ನಿಂದ ಉಪಯೋಗ ಆಯ್ತಾ ಅಂತ ಅಳೆಯೋ ಕಿರ್ಕ್‌ಪ್ಯಾಟ್ರಿಕ್ ಮಾದರಿ 1959ರದ್ದು, ನಾಲ್ಕು ಮಟ್ಟ, ಇಷ್ಟ ಆಯ್ತಾ, ಕಲಿತ್ರಾ, ಕೆಲಸದಲ್ಲಿ ನಡವಳಿಕೆ ಬದಲಾಯ್ತಾ, ಸಂಸ್ಥೆಗೆ ಫಲ ಸಿಕ್ತಾ. ನಾವು ಮೊದಲನೇದಕ್ಕೇ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸಿ ಖುಷಿ ಪಟ್ಕೋತೀವಿ. ಸೆಕ್ಯುರಿಟಿಲಿ ಮೂರನೇದೇ ಮುಖ್ಯ, ಒಂದು ತಿಂಗಳು ಬಿಟ್ಟು ಗುರುತಿನ ಚೀಟಿ ಇಲ್ದೆ ಇರೋ ಒಬ್ರನ್ನ, ಸಂಸ್ಥೆಯ ಒಪ್ಪಿಗೆ ತಗೊಂಡೇ, ಗೇಟ್ ಹತ್ರ ಕಳಿಸಿ ನೋಡಿ, ಬೇರೆಯವ್ರ ಬೆನ್ನಿಗೆ ಅಂಟ್ಕೊಂಡು ಒಳಗೆ ನುಗ್ಗಿದ್ರೆ ಅವತ್ತಿನ ಫೀಡ್‌ಬ್ಯಾಕ್ ಫಾರ್ಮ್‌ಗೆ ಏನು ಬೆಲೆ ಅಂತ ಗೊತ್ತಾಗತ್ತೆ.

ಡ್ರಿಲ್ ಮತ್ತು ದಾಖಲೆ

ಅಭ್ಯಾಸಕ್ಕೆ ಮುಂಚೆ ನಿಜವಾದ ಆಯುಧ ಯಾವುದೂ ಆ ಜಾಗದಲ್ಲಿ ಇಲ್ಲ ಅಂತ ಇಬ್ರು ಬೇರೆ ಬೇರೆಯಾಗಿ ನೋಡ್ಬೇಕು. ಒಂದು ನಿಲ್ಲಿಸೋ ಪದ ಮೊದ್ಲೇ ಹೇಳಿರ್ಬೇಕು, ಡ್ರಿಲ್ ನಡುವೆ ಯಾರಾದ್ರೂ ನಿಜವಾಗ್ಲೂ ಎದೆ ಹಿಡ್ಕೊಂಡು ಕೂತ್ರೆ ಎಲ್ರೂ ಆಕ್ಟಿಂಗ್ ಅಂದ್ಕೊಂಡು ನಿಂತು ನೋಡ್ತಾರೆ, ಅದಕ್ಕೆ "ಕಾಪಾಡಿ" ಅನ್ನೋ ಪದ ಇಟ್ಕೊಳ್ಬೇಡಿ, ಅದು ನಾಟಕದಲ್ಲೂ ಬರತ್ತೆ. ಬಲಪ್ರಯೋಗ, ಹಿಡಿದಿಡೋದು, ಮೈ ತಪಾಸಣೆ ಇವುಗಳ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಎಲ್ಲೋ ನೋಡಿದ ವಿಡಿಯೋ ಇಟ್ಕೊಂಡು ಕಲಿಸಿದ್ರೆ ನಮ್ಮ ಟ್ರೈನಿ ನಾಳೆ ಕೇಸಲ್ಲಿ ಸಿಕ್ಕಾಕೋತಾನೆ. ಆಗ ಮೊದ್ಲು ಕೇಳೋದು ಇವ್ನಿಗೆ ಯಾರು, ಯಾವತ್ತು, ಏನು ಕಲಿಸಿದ್ರು ಅಂತ, ಹಾಗಾಗಿ ಹಾಜರಿ, ಲೆಸನ್ ಪ್ಲಾನ್ ಯಾವ ವರ್ಶನ್, ಸಹಿ ಇರೋ ಅಸೆಸ್‌ಮೆಂಟ್ ಶೀಟ್ ಮೂರೂ ಒಟ್ಟಿಗೆ ಇಡಿ.

ರಿನ್ಯೂವಲ್‌ಗೆ ಸಿಐಎಸ್‌ಎಸ್‌ಪಿ ಥರದ್ದರಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್, ಅಂದ್ರೆ ಕಲಿಕೆ ಮುಂದುವರಿಸಿದ್ದಕ್ಕೆ ಸಿಗೋ ಪಾಯಿಂಟ್, ಬೇಕು. ತುಂಬಾ ಕಡೆ ಹೊಸದಾಗಿ ಪಾಠ ತಯಾರಿ ಮಾಡಿದ್ದಕ್ಕೂ ಕ್ರೆಡಿಟ್ ಕೊಡ್ತಾರೆ, ಪುರಾವೆ ಇದ್ರೆ ಮಾತ್ರ, ಅದಕ್ಕೆ ಪಾಸ್ ಆದ ದಿನವೇ ಒಂದು ಫೋಲ್ಡರ್ ಮಾಡಿ ಹಾಕ್ತಾ ಹೋಗಿ, ಮೂರನೇ ವರ್ಷದ ಕೊನೇ ತಿಂಗಳಲ್ಲಿ ಹಳೇ ಮೇಲ್ ಎಲ್ಲಾ ಜಾಲಾಡೋ ಕರ್ಮ ಬೇಡ.