ಎಳ್ಳೆಣ್ಣೆಯಲ್ಲಿ ಎಳ್ಳು ಎರಡು ಸಲ

ಅಂಗಡಿಗೆ ಹೋಗಿ ‘ಒಂದು ಲೀಟರ್ ಕಡಲೆಕಾಯಿ ಎಣ್ಣೆ ಕೊಡಿ’ ಅಂತೀವಲ್ಲ, ಆ ಮಾತಿನ ಬೇರು ಹುಡುಕಿಕೊಂಡು ಹೋದರೆ ನಾವು ಕೇಳಿದ್ದು ಕಡಲೆಕಾಯಿಯ ಎಳ್ಳುತುಪ್ಪ! ಎಣ್ಣೆ ಅನ್ನುವುದು ಎರಡು ಪದ ಅಂಟಿಕೊಂಡು ಆಗಿದ್ದು: ಎಳ್ ಮತ್ತು ನೆಯ್. ಎಳ್ ಅಂದರೆ ಎಳ್ಳು. ನೆಯ್ ಅಂದರೆ ತುಪ್ಪ, ಜಿಡ್ಡು. ನಮ್ಮ ಆಡುಮಾತಿನಲ್ಲಿ ಅದರ ಜಾಗದಲ್ಲಿ ತುಪ್ಪ ಬಂದು ಕೂತಿದೆ. ತಮಿಳರು, ಮಲಯಾಳಿಗಳು ಮಾತ್ರ ತುಪ್ಪಕ್ಕೆ ಇವತ್ತಿಗೂ ನೆಯ್ ಅಂತಲೇ ಹೇಳುತ್ತಾರೆ.

‘ಎಳ್‌ನೆಯ್’ ಅಂತ ಬೇಗ ಬೇಗ ನಾಲ್ಕು ಸಲ ಹೇಳಿ ನೋಡಿ. ಳ್ ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿರುತ್ತದೆ. ಅದನ್ನು ತಟ್ಟನೆ ಬಿಡಿಸಿ ಹಲ್ಲಿನ ಹತ್ತಿರ ತಂದು ನ ಅನ್ನಬೇಕು. ನಾಲಿಗೆ ಸೋಮಾರಿ, ಮಡಚಿದ ಹಾಗೇ ಇದ್ದುಕೊಂಡು ಮೂಗಿನಿಂದ ದನಿ ಬಿಡುತ್ತದೆ, ಅದೇ ಣ್ಣ. ಬೆಣ್ಣೆಯೂ ಹೀಗೇ ಆದದ್ದು, ಬೆಳ್ ಮತ್ತು ನೆಯ್, ಬಿಳಿ ಜಿಡ್ಡು. ಬೆಳ್ಳಿಯಲ್ಲಿ, ಬೆಳ್ಳುಳ್ಳಿಯಲ್ಲಿ ಇರುವ ಬೆಳ್ ಇದೇ. ಕಣ್ಣಿನ ನೀರು ‘ಕಣ್ಣೀರು’ ಆಗಿರುವುದರಲ್ಲೂ ಇಂಥದೇ ಸೋಮಾರಿತನ ಇದೆ.

ಎಳ್ಳಿಗೇ ಯಾಕೆ ಈ ಮರ್ಯಾದೆ? ಅದು ಮೊದಲಿನಿಂದ ಇಲ್ಲೇ ಇತ್ತು. ಹರಪ್ಪದಲ್ಲಿ ಅಗೆದಾಗ ಸುಟ್ಟು ಕರಿಯಾದ ಎಳ್ಳು ಸಿಕ್ಕಿದೆ, ಅದು 4000 ವರ್ಷಕ್ಕೂ ಹಳೆಯದು. ಕಡಲೆಕಾಯಿ, ಸೂರ್ಯಕಾಂತಿ ಎರಡೂ ಅಮೆರಿಕದ ಬೆಳೆಗಳು, ನಮ್ಮ ಕಡೆ ಬಂದಿದ್ದು ಈಚಿನ 500 ವರ್ಷಗಳೊಳಗೆ. ಮೇಲಾಗಿ ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಅದರಲ್ಲಿರುವ ಸೆಸಮಾಲ್‌ನಂಥ ವಸ್ತುಗಳು ಗಾಳಿಯ ಆಮ್ಲಜನಕಕ್ಕೆ ಅಡ್ಡ ನಿಲ್ಲುವುದರಿಂದ ಎಣ್ಣೆ ಬೇಗ ಕಮಟು ಹಿಡಿಯುವುದಿಲ್ಲ. ಫ್ರಿಜ್ ಇಲ್ಲದ ಕಾಲಕ್ಕೆ ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಸಂಸ್ಕೃತದಲ್ಲೂ ಇದೇ ಕಥೆ. ತಿಲದಿಂದ ಬಂದದ್ದು ತೈಲ. ಇಂಗ್ಲಿಷಿನ ‘ಆಯಿಲ್’ ಹುಟ್ಟಿದ್ದು ಗ್ರೀಕರ ಆಲಿವ್ ಕಾಯಿಯ ಹೆಸರಿನಿಂದ. ಹಾಗಾಗಿ ‘ಪೆಟ್ರೋಲಿಯಂ’ ಅಂದರೆ ಕಲ್ಲಿನಿಂದ ಬಂದ ಆಲಿವ್ ಎಣ್ಣೆ! ನಾವು ಕಡಿಮೆಯೇನಲ್ಲ. ಹೊರಗಿನಿಂದ ಬಂದ ಸುಣ್ಣ ಸೀಮೆಸುಣ್ಣ, ಬದನೆ ಸೀಮೆಬದನೆ ಆದ ಹಾಗೆ, ದೀಪದ ಹೊಸ ಎಣ್ಣೆ ಸೀಮೆಎಣ್ಣೆ ಆಯಿತು.

ನನಗೆ ಜಾಸ್ತಿ ಇಷ್ಟ ಆಗುವುದು ಎಳ್ಳೆಣ್ಣೆ. ಎಣ್ಣೆ ಅನ್ನುವುದು ಎಲ್ಲ ಜಿಡ್ಡಿಗೂ ಹೆಸರಾಗಿಬಿಟ್ಟ ಮೇಲೆ, ಯಾವ ಎಣ್ಣೆ ಅಂತ ಹೇಳಲು ಪಾಪ ಎಳ್ಳು ತನ್ನ ಹೆಸರಿನ ಹಿಂದೆ ತಾನೇ ಇನ್ನೊಂದು ಸಲ ಬಂದು ನಿಲ್ಲಬೇಕಾಯಿತು. ಇನ್ನು ಸಂಜೆ ‘ಎಣ್ಣೆ ಹೊಡೆಯೋಣ ಬಾ’ ಅಂತ ಕರೆಯುವ ಗೆಳೆಯರ ಎಣ್ಣೆಯಲ್ಲಿ ಎಳ್ಳೂ ಇಲ್ಲ, ನೆಯ್ಯೂ ಇಲ್ಲ.