ಎಷ್ಟನೇ ವಾರಕ್ಕೆ ಹುಟ್ಟಿದಿರಿ?

ಮೂವತ್ತು ತುಂಬುವ ಮೊದಲೇ ರಕ್ತದೊತ್ತಡ ಏರಿಸಿಕೊಂಡು ಬರುವ ಯುವಕ ಯುವತಿಯರಿಗೆ ನಾನು ಕೇಳುವ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಸಿಗುವುದಿಲ್ಲ. ಉಪ್ಪು, ನಿದ್ದೆ, ಸಿಗರೇಟು, ರಾತ್ರಿ ಪಾಳಿ, ತಂದೆಯ ಬಿ.ಪಿ., ಎಲ್ಲದರ ಲೆಕ್ಕವೂ ಅವರ ಬಳಿ ಇರುತ್ತದೆ. ಎಷ್ಟನೇ ವಾರಕ್ಕೆ ಹುಟ್ಟಿದಿರಿ ಎಂದು ಕೇಳಿದರೆ ಮಾತ್ರ ಜೊತೆಗೆ ಬಂದ ತಾಯಿಯ ಕಡೆ ತಿರುಗುತ್ತಾರೆ. ಆ ತಾಯಿ, ಈಗೇಕೆ ಈ ಮಾತು ಎಂಬ ಅಸಮಾಧಾನದಿಂದಲೇ, ‘ಸ್ವಲ್ಪ ಮುಂಚೆ ಹುಟ್ಟಿದ ಡಾಕ್ಟ್ರೇ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಆಮೇಲೆ ಮೈಕೈ ತುಂಬಿಕೊಂಡು ಸರಿಹೋದ’ ಎನ್ನುತ್ತಾರೆ. ಅದೇ ಮನೆಯ ಕಪಾಟಿನಲ್ಲಿ ಜನನದ ಗಂಟೆ, ನಿಮಿಷ, ನಕ್ಷತ್ರದ ಪಾದದವರೆಗೆ ಬರೆದಿಟ್ಟ ಜಾತಕ ಇರುತ್ತದೆ. ಗರ್ಭದಲ್ಲಿ ಎಷ್ಟು ವಾರ ಇದ್ದರು ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ.

ಮೂವತ್ತೇಳು ವಾರಕ್ಕೆ ಮೊದಲು ಹುಟ್ಟಿದವರೆಲ್ಲ ಅವಧಿಪೂರ್ವ ಶಿಶುಗಳೇ ಆದರೂ ನಾನು ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಮೂವತ್ತೆರಡು ವಾರಕ್ಕಿಂತ ಮೊದಲು ಹುಟ್ಟಿದವರ ವಿಚಾರ. ಹೆರಿಗೆಗೆ ಮುನ್ನ ತಾಯಿಗೆ ಸ್ಟೀರಾಯ್ಡ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಪಕ್ವವಾಗುತ್ತದೆ ಎಂದು ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ ತೋರಿಸಿದ್ದು 1972ರಲ್ಲಿ. ಶ್ವಾಸಕೋಶ ಕುಸಿಯದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಔಷಧಿ ಮುಂದುವರಿದ ದೇಶಗಳಲ್ಲಿ ಬಳಕೆಗೆ ಬಂದದ್ದು 1990ರ ಆಸುಪಾಸಿನಲ್ಲಿ, ನಮ್ಮಲ್ಲಿ ಇನ್ನಷ್ಟು ತಡವಾಗಿ. ಹಾಗಾಗಿ ಇಷ್ಟು ಬೇಗ ಹುಟ್ಟಿಯೂ ಬದುಕುಳಿದು ದೊಡ್ಡ ಸಂಖ್ಯೆಯಲ್ಲಿ ವಯಸ್ಕರಾಗುತ್ತಿರುವ ಮೊದಲ ತಲೆಮಾರನ್ನು ನಾವೀಗ ನೋಡುತ್ತಿದ್ದೇವೆ. 2020ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟುತ್ತಾರೆ. ಬೇರಾವ ದೇಶದಲ್ಲಿಯೂ ಇಷ್ಟಿಲ್ಲ. ಮಕ್ಕಳ ವೈದ್ಯರು ಹದಿನಾರು ಹದಿನೆಂಟರವರೆಗೆ ನೋಡಿ ಬಿಟ್ಟುಕೊಟ್ಟ ಮೇಲೆ ಇವರು ನನ್ನಂಥ ಫಿಸಿಶಿಯನ್ನರ ಬಳಿಗೆ ಬರುತ್ತಾರೆ, ಆದರೆ ಅವರ ಹಳೆಯ ಕಡತ ಅವರೊಂದಿಗೆ ಬರುವುದಿಲ್ಲ. ನಮ್ಮವರೂ ಕೇಳುವುದಿಲ್ಲ ಎಂಬುದನ್ನು ಮರೆಮಾಚುವುದು ಸರಿಯಲ್ಲ. ವಯಸ್ಕರ ಕೇಸ್‌ಶೀಟಿನಲ್ಲಿ ಜನನದ ವಿವರಕ್ಕೆ ಒಂದು ಸಾಲಿನ ಜಾಗವನ್ನೂ ನಾನು ಕಂಡಿಲ್ಲ.

ಮೈ ತುಂಬಿಕೊಂಡರೆ ಎಲ್ಲವೂ ತುಂಬಿಕೊಂಡಂತೆ ಎಂಬ ನಂಬಿಕೆಯೇ ನನ್ನ ತಾಳ್ಮೆ ಕೆಡಿಸುವುದು. ಎಷ್ಟು ಸಲ ಹೇಳಿದರೂ ಇದು ಮನಸ್ಸಿಗೆ ಇಳಿಯುವುದಿಲ್ಲವಾದ್ದರಿಂದ ಮೂತ್ರಪಿಂಡವನ್ನೇ ತೆಗೆದುಕೊಂಡು ವಿವರಿಸುತ್ತೇನೆ. ರಕ್ತವನ್ನು ಸೋಸುವ ಸೂಕ್ಷ್ಮ ಘಟಕಗಳಾದ ನೆಫ್ರಾನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೂಪುಗೊಳ್ಳುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ, ಮತ್ತು ಮೂವತ್ತಾರನೇ ವಾರದ ಹೊತ್ತಿಗೆ ಈ ಕೆಲಸ ಮುಗಿದುಬಿಡುತ್ತದೆ. ಇಪ್ಪತ್ತೆಂಟನೇ ವಾರಕ್ಕೆ ಹುಟ್ಟಿದ ಮಗುವಿನಲ್ಲಿ ಜನನದ ನಂತರವೂ ಕೆಲವು ವಾರ ಹೊಸ ನೆಫ್ರಾನುಗಳು ಹುಟ್ಟುತ್ತವೆಯಾದರೂ, ಸೋಂಕು, ಔಷಧಿ, ಆಮ್ಲಜನಕದ ಏರಿಳಿತಗಳ ನಡುವೆ ಅದು ಗರ್ಭದಲ್ಲಿ ನಡೆದಷ್ಟು ಚೆನ್ನಾಗಿ ನಡೆಯುವುದಿಲ್ಲ, ಹೆಚ್ಚು ಕಾಲವೂ ನಡೆಯುವುದಿಲ್ಲ. ಆಮೇಲೆ ಎಷ್ಟು ತುಪ್ಪ ತಿನ್ನಿಸಿದರೂ, ಮಗ ಆರಡಿ ಬೆಳೆದರೂ, ಒಂದೇ ಒಂದು ಹೊಸ ನೆಫ್ರಾನು ಸೇರುವುದಿಲ್ಲ. ಮೂತ್ರಪಿಂಡ ದೊಡ್ಡದಾಗುತ್ತದೆ, ನಿಜ. ಆದರೆ ಇದ್ದ ನೆಫ್ರಾನುಗಳೇ ಹಿಗ್ಗಿ ದೊಡ್ಡದಾಗುತ್ತವೆಯೇ ಹೊರತು ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಹತ್ತು ಆಳಿನ ಗದ್ದೆಯಲ್ಲಿ ಏಳೇ ಆಳು ಇದ್ದರೆ ಕೆಲಸವೇನೂ ನಿಲ್ಲುವುದಿಲ್ಲ, ಆಳುಗಳು ಬೇಗ ದಣಿಯುತ್ತಾರೆ. ಬೇಗ ಹುಟ್ಟಿದವರಲ್ಲಿ ಬಿ.ಪಿ. ಏರುವುದಕ್ಕೆ ಇದೂ ಒಂದು ಕಾರಣ. ಮಗುವನ್ನು ಅವಸರದಿಂದ ದಪ್ಪ ಮಾಡುವುದೆಂದರೆ ಅದೇ ಏಳು ಆಳಿಗೆ ಇನ್ನಷ್ಟು ಗದ್ದೆ ವಹಿಸಿಕೊಟ್ಟಂತೆ. ಮೊದಲ ತಿಂಗಳುಗಳಲ್ಲಿ ತೂಕ ಏರಬೇಕಾದದ್ದು ಮಿದುಳಿನ ಬೆಳವಣಿಗೆಗೆ ಅತ್ಯಗತ್ಯ. ನಾನು ಆಕ್ಷೇಪಿಸುವುದು ಅದನ್ನಲ್ಲ, ಶಾಲೆಗೆ ಹೋಗುವ ವಯಸ್ಸಿನಲ್ಲಿಯೂ ‘ಪಾಪ, ಬೇಗ ಹುಟ್ಟಿದ ಕೂಸು’ ಎಂದು ತುರುಕುವುದನ್ನು.

ಹೃದಯ ಮತ್ತು ಶ್ವಾಸಕೋಶಗಳ ಕಥೆಯೂ ಸುಮಾರಾಗಿ ಹೀಗೆಯೇ ಇದೆ. ಆಕ್ಸ್‌ಫರ್ಡಿನ ಸಂಶೋಧಕರು ಬೇಗ ಹುಟ್ಟಿದ ಯುವಜನರ ಹೃದಯವನ್ನು ಎಂಆರ್‌ಐ ಮೂಲಕ ನೋಡಿದಾಗ ದೇಹಕ್ಕೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಆಕಾರದಲ್ಲಿ ವ್ಯತ್ಯಾಸವಿದ್ದು ಗೋಡೆ ದಪ್ಪವಾಗಿದ್ದುದು ಕಂಡಿತು. ಶ್ವಾಸಕೋಶದ ಸಾಮರ್ಥ್ಯ ಎಲ್ಲರಲ್ಲಿಯೂ ಇಪ್ಪತ್ತರಿಂದ ಮೂವತ್ತರೊಳಗಿನ ವಯಸ್ಸಿನಲ್ಲಿ ಶಿಖರ ಮುಟ್ಟಿ ನಂತರ ಇಳಿಯುತ್ತದೆ. ಇವರಲ್ಲಿ ಆ ಶಿಖರವೇ ತುಸು ಕೆಳಗಿರುವುದರಿಂದ, ಇವರು ಸೇದುವ ಸಿಗರೇಟಿಗೆ ಕ್ಷಮೆ ಕಡಿಮೆ.

ಇಷ್ಟು ಓದಿ ಹೆದರಿದವರಿಗೆ ಅಪಾಯದ ಗಾತ್ರವನ್ನೂ ಹೇಳಬೇಕು. ಸಂಕೋಚನದ ರಕ್ತದೊತ್ತಡ, ಅಂದರೆ ಬಿ.ಪಿ.ಯ ಮೇಲಿನ ಅಂಕಿ, ಬೇಗ ಹುಟ್ಟಿದವರಲ್ಲಿ ಸರಾಸರಿ ಮೂರ್ನಾಲ್ಕು ಮಿಲಿಮೀಟರಿನಷ್ಟು ಹೆಚ್ಚು, ಅಷ್ಟೇ. ಸ್ವೀಡನ್ನಿನಲ್ಲಿ 1973ರಿಂದ 1997ರವರೆಗೆ ಹುಟ್ಟಿದ ಸುಮಾರು 25 ಲಕ್ಷ ಜನರ ದಾಖಲೆಗಳನ್ನು ನೋಡಿದಾಗ, ದೊಡ್ಡ ಕಾಯಿಲೆಗಳ ಪಟ್ಟಿಯಲ್ಲಿ ಒಂದೂ ಇಲ್ಲದೆ ವಯಸ್ಕರಾಗಿ ಬದುಕಿದ್ದವರು ಅವಧಿ ತುಂಬಿ ಹುಟ್ಟಿದವರಲ್ಲಿ ನೂರಕ್ಕೆ 63, ಅವಧಿಗೆ ಮೊದಲು ಹುಟ್ಟಿದವರಲ್ಲಿ ಸುಮಾರು 55. ಇಪ್ಪತ್ತೆಂಟು ವಾರಕ್ಕೂ ಮೊದಲು ಹುಟ್ಟಿದವರಲ್ಲಿ ಆ ಸಂಖ್ಯೆ 22ಕ್ಕೆ ಇಳಿಯುತ್ತದೆ. ಶೈಶವದಲ್ಲಿಯೇ ತೀರಿಕೊಂಡವರೂ ಈ ಲೆಕ್ಕದಲ್ಲಿ ಸೇರಿದ್ದಾರೆ ಎಂಬುದನ್ನು ನೆನಪಿಡಬೇಕು. ಸ್ವೀಡನ್ನಿನ ಆ ಜನರೆಲ್ಲ ಬೇರೊಂದು ಕಾಲದ, ಬೇರೊಂದು ದೇಶದ ಚಿಕಿತ್ಸೆ ಪಡೆದವರಾದ್ದರಿಂದ ಕಳೆದ ತಿಂಗಳು ನಿಮ್ಮೂರಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಿಂದ ಮನೆಗೆ ಬಂದ ಕೂಸಿಗೆ ಈ ಅಂಕಿಗಳನ್ನು ಹಾಗೆಯೇ ಅಂಟಿಸಬಾರದು.

ಮನಸ್ಸಿನ ವಿಚಾರದಲ್ಲಿ ನನಗೆ ಇವರ ಮೇಲೆ ಒಂದು ಬಗೆಯ ಪ್ರೀತಿಯೇ ಇದೆ. ಜರ್ಮನಿಯ ಬವೇರಿಯಾದಲ್ಲಿ 1985–86ರಲ್ಲಿ ಹುಟ್ಟಿದವರನ್ನು ವಯಸ್ಕರಾಗುವವರೆಗೆ ಹಿಂಬಾಲಿಸಿದ ಅಧ್ಯಯನದಲ್ಲಿ, ಬಹಳ ಬೇಗ ಹುಟ್ಟಿದವರು ಸರಾಸರಿಯಲ್ಲಿ ಹೆಚ್ಚು ಸಂಕೋಚದವರು, ದುಡುಕಿಗೆ ಕೈಹಾಕದವರು, ಸಂಗಾತಿಯನ್ನು ಹುಡುಕಿಕೊಳ್ಳುವುದರಲ್ಲಿ ಹಿಂದೆ ಉಳಿಯುವವರು ಎಂದು ಕಂಡುಬಂತು. ಗಣಿತದಲ್ಲಿ, ಗಮನದಲ್ಲಿ, ಆತಂಕದ ವಿಚಾರದಲ್ಲಿ ತೊಂದರೆಗಳು ಇವರಿಗೆ ಹೆಚ್ಚು. ಆದರೂ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಡಾ. ಸರೋಜ್ ಸೈಗಲ್ ಅವರು, ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿ ಹದಿಹರೆಯಕ್ಕೆ ಬಂದವರನ್ನೇ ನಿಮ್ಮ ಬದುಕು ಹೇಗಿದೆ ಎಂದು ಕೇಳಿದಾಗ, ಹೆಚ್ಚಿನವರು ಓರಗೆಯವರಷ್ಟೇ ಸಮಾಧಾನದ ಉತ್ತರ ಕೊಟ್ಟರು. ಅಂಥ ಬದುಕಿಗೆ ಕಡಿಮೆ ಅಂಕ ಹಾಕಿದವರು ವೈದ್ಯರು ಮತ್ತು ದಾದಿಯರು. ಮೂವತ್ತರ ವಯಸ್ಸಿನಲ್ಲಿ ಮತ್ತೆ ಕೇಳಿದಾಗ ಆ ಸಮಾಧಾನ ಸ್ವಲ್ಪ ತಗ್ಗಿತ್ತು ಎಂಬುದನ್ನೂ ಹೇಳದಿದ್ದರೆ ಅರ್ಧ ಸತ್ಯವಾಗುತ್ತದೆ.

ಮದುವೆಗೆ ಮುನ್ನ ಮಗಳನ್ನು ತಪಾಸಣೆಗೆ ಕರೆತಂದಿದ್ದ ತಂದೆಯೊಬ್ಬರು ಆಕೆಯನ್ನು ಹೊರಗೆ ಕಳುಹಿಸಿ, ತಗ್ಗಿದ ದನಿಯಲ್ಲಿ, ಆಕೆ ಏಳು ತಿಂಗಳಿಗೇ ಹುಟ್ಟಿದವಳು, ಆಕೆಗೂ ಗೊತ್ತಿಲ್ಲ, ಬೀಗರಿಗಂತೂ ತಿಳಿಯಬಾರದು ಎಂದರು. ಬೀಗರಿಗೆ ಹೇಳುವುದು ಬಿಡುವುದು ಅವರ ಮನೆಯ ವಿಚಾರ, ಅದರಲ್ಲಿ ನಾನು ತಲೆಹಾಕುವುದಿಲ್ಲ. ಆದರೆ ತನ್ನ ದೇಹದ ಈ ಸಂಗತಿ ಆ ಹುಡುಗಿಗೇ ತಿಳಿಯದಿರುವುದನ್ನು ನಾನು ಒಪ್ಪಲಿಲ್ಲ. ತಂದೆಯೇ ಹೇಳಲಿ ಎಂದು ಪಟ್ಟು ಹಿಡಿದೆ, ಅವರು ಹೇಳಿದರು. ಆಕೆ ಅತ್ತದ್ದಕ್ಕಿಂತ ಹೆಚ್ಚು ನಕ್ಕಳು. ಶಾಲೆಯ ಓಟದಲ್ಲಿ ತಾನು ಯಾವಾಗಲೂ ಏಕೆ ಏದುಸಿರು ಬಿಡುತ್ತಿದ್ದೆ ಎಂಬುದಕ್ಕೆ ಬೈಗುಳವಲ್ಲದ ಕಾರಣವೊಂದು ಆಕೆಗೆ ಸಿಕ್ಕಿತ್ತು, ಬಹುಶಃ ಅದು ಸರಿಯಾದ ಕಾರಣವೂ ಆಗಿತ್ತು.

ತೂಕ ಹೇಳಿದರೆ ವಾರ ಹೇಳಿದಂತಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆ, 1934ರಿಂದ ಹೆರಿಗೆ ದಾಖಲೆಗಳನ್ನು ಜೋಪಾನ ಮಾಡಿದ್ದರಿಂದಲೇ, ಅಲ್ಲಿ ಹುಟ್ಟಿ ಮಧ್ಯವಯಸ್ಸಿಗೆ ಬಂದವರನ್ನು ಸಂಶೋಧಕರು ಹುಡುಕಿ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂಬುದನ್ನು 1996ರಲ್ಲಿ ಪ್ರಕಟಿಸಲು ಸಾಧ್ಯವಾಯಿತು. ಆದರೆ ನಮ್ಮಲ್ಲಿ ಕಡಿಮೆ ತೂಕದ ಎಷ್ಟೋ ಕೂಸುಗಳು ದಿನ ತುಂಬಿಯೇ ಹುಟ್ಟಿದವು, ಗರ್ಭದಲ್ಲಿ ಸೊರಗಿದವು. ಒಂದೂವರೆ ಕಿಲೋ ಇದ್ದ ಎನ್ನುವ ಮಾತಿನಿಂದ ಮೂವತ್ತು ವಾರವೋ ಮೂವತ್ತಾರು ವಾರವೋ ತಿಳಿಯದು.

ಹಾಗೆಂದು ದುಬಾರಿ ಫುಲ್ ಬಾಡಿ ಚೆಕಪ್‌ಗಳಿಗೆ ಓಡಬೇಕಾಗಿಲ್ಲ. ಹದಿಹರೆಯದಿಂದ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಿ, ಆಗಾಗ ಮೂತ್ರ ಪರೀಕ್ಷೆ ಮತ್ತು ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಮೈಕೈ ನೋವಿಗೆ ಮೆಡಿಕಲ್ ಶಾಪಿನ ಮಾತ್ರೆಗಳನ್ನು ನೀವೇ ನುಂಗದೆ, ತಂಬಾಕಿನಿಂದ ದೂರ ಇದ್ದರೆ ಬಹುಪಾಲು ಆಯಿತು. ಏದುಸಿರು ಇದ್ದವರು ಆಸ್ತಮಾ ಎಂದು ಇನ್‌ಹೇಲರ್ ಹಿಡಿಯುವ ಮೊದಲು ಒಮ್ಮೆ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೊಮೆಟ್ರಿ ಮಾಡಿಸುವುದು ಒಳ್ಳೆಯದು. ಶೈಶವದಲ್ಲಿ ಕಣ್ಣಿನ ಒಳಪದರವಾದ ರೆಟಿನಾಗೆ ಲೇಸರ್ ಮಾಡಿಸಿಕೊಂಡವರು ಕಣ್ಣಿನ ತಪಾಸಣೆಯನ್ನು ಬಿಡಲೇಬಾರದು, ರೆಟಿನಾ ಕಳಚುವ ಅಪಾಯ ದೊಡ್ಡವರಾದ ಮೇಲೂ ಉಳಿದಿರುತ್ತದೆ. ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಸಮ್ಮರಿಯನ್ನು ಮಗುವಿನ ಮೊದಲ ಹುಟ್ಟುಹಬ್ಬದ ನಂತರ ರದ್ದಿಗೆ ಹಾಕದೆ ಫೋಟೊ ತೆಗೆದಾದರೂ ಇಟ್ಟುಕೊಳ್ಳಿ. ಬೇಗ ಹುಟ್ಟಿದ ಹೆಣ್ಣುಮಕ್ಕಳು ತಾವು ಗರ್ಭಿಣಿಯಾದಾಗ ಅದನ್ನು ಮೊದಲ ಭೇಟಿಯಲ್ಲಿಯೇ ಹೆರಿಗೆ ವೈದ್ಯರಿಗೆ ಹೇಳಬೇಕು, ಬಿ.ಪಿ. ಏರುವ, ತಮಗೂ ಬೇಗ ಹೆರಿಗೆಯಾಗುವ ಸಂಭವ ಅವರಲ್ಲಿ ತುಸು ಹೆಚ್ಚಿರುವುದರಿಂದ ಅವರನ್ನು ನೋಡುವ ಕ್ರಮವೇ ಬೇರೆಯಾಗಬಹುದು.